ಇಂಗ್ಲಿಷ್ ಕ್ಲಾಸಿನಲ್ಲಿ ಡಿಬೇಟ್ ಇಟ್ಟರೆ ಇಬ್ಬರೇ ಮಾತಾಡುತ್ತಾರೆ, ಏನು ಮಾಡಲಿ?

ನೀವು ಹೇಳಿದ್ದು ತುಂಬಾ ಕಡೆ ಆಗುವುದೇ. ಚೆನ್ನಾಗಿ ಇಂಗ್ಲಿಷ್ ಬರುವ ಒಬ್ಬಿಬ್ಬರು ಬಾಯಿಪಾಠ ಮಾಡಿದ್ದನ್ನು ಒಪ್ಪಿಸುತ್ತಾರೆ, ಉಳಿದವರು ಸುಮ್ನೆ ಕೂರುತ್ತಾರೆ. ನಾನೂ ಇಂಗ್ಲಿಷ್ ಕಲಿಸುತ್ತೇನೆ. ಸದ್ಯಕ್ಕೆ ವೇದಿಕೆ, ತೀರ್ಪುಗಾರರು, ಬಹುಮಾನ ಎಲ್ಲ ಬಿಟ್ಟುಬಿಡಿ. ಮಕ್ಕಳನ್ನು ಇಬ್ಬಿಬ್ಬರಂತೆ ಎದುರುಬದುರು ಕೂರಿಸಿ. 40 ಜನರ ಕ್ಲಾಸಿನಲ್ಲಿ ಒಂದೇ ಸಲಕ್ಕೆ 20 ಮಕ್ಕಳು ಮಾತಾಡುತ್ತಾರೆ. ಗದ್ದಲ ಆಗುತ್ತದೆ, ಆಗಲಿ.

ವಿಷಯ ಅವರದ್ದೇ ಆಗಿರಲಿ. ಹೋಂವರ್ಕ್ ಬೇಕೇ, ಕ್ಲಾಸಿಗೆ ಫೋನ್ ತರಬಹುದೇ, ಹೀಗೆ. ಮೊದಲ 5 ನಿಮಿಷ ಮನೆಮಾತಿನಲ್ಲೇ ಯೋಚಿಸಿ ಮಾತಾಡಿಕೊಳ್ಳಲಿ. ಏನು ಹೇಳಬೇಕು ಅನ್ನುವುದೇ ಹೊಳೆಯದವರಿಗೆ ಇಂಗ್ಲಿಷ್ ಎಲ್ಲಿಂದ ಬರಬೇಕು, ಅಲ್ವಾ?

ಆಮೇಲೆ 4-3-2 ಅನ್ನುವ ವಿಧಾನ ಹಿಡಿಯಿರಿ. ಒಂದೇ ವಾದವನ್ನು ಮೊದಲು 4 ನಿಮಿಷ ಹೇಳುವುದು, ಜೋಡಿ ಬದಲಿಸಿ 3 ನಿಮಿಷ, ಮತ್ತೆ ಬದಲಿಸಿ 2 ನಿಮಿಷ. ಹೊಸಬರಿಗೆ ಇದು ಜಾಸ್ತಿಯಾಗುತ್ತದೆ, 2 ನಿಮಿಷದಿಂದಲೇ ಶುರು ಮಾಡಿ. ಮೂರನೇ ಸಲಕ್ಕೆ ತಡವರಿಕೆ ಕಡಿಮೆಯಾಗುವುದು ನಿಮ್ಮ ಕಿವಿಗೇ ಗೊತ್ತಾಗುತ್ತದೆ.

ಆದರೆ ನನ್ನ ಪ್ರಕಾರ ಡಿಬೇಟಿನ ನಿಜವಾದ ಲಾಭ ಇರುವುದು ಮರುಮಾತಿನಲ್ಲಿ. ಭಾಷಣವನ್ನು ಬರೆದುಕೊಂಡು ಬರಬಹುದು, ಎದುರಿನವರು ಏನು ಹೇಳುತ್ತಾರೋ ಅದಕ್ಕೆ ಕೊಡುವ ಉತ್ತರವನ್ನು ಬರೆದುಕೊಂಡು ಬರಲಾಗುವುದಿಲ್ಲ. ಕಿವಿಗೊಟ್ಟು ಕೇಳಲೇಬೇಕು, ಅಲ್ಲೇ ವಾಕ್ಯ ಕಟ್ಟಲೇಬೇಕು. ಅದಕ್ಕೊಂದು ಆಸರೆ ಕೊಡಿ. ಬೋರ್ಡಿನ ಮೇಲೆ 'ಯೂ ಸೇ ದಟ್', 'ಬಟ್', 'ಬಿಕಾಸ್' ಎಂದು ಮೂರು ಸಾಲು ಬರೆಯಿರಿ. ಒಬ್ಬಳು 'ಫೋನ್ಸ್ ಹೆಲ್ಪ್ ಅಸ್ ಫೈಂಡ್ ಮೀನಿಂಗ್ಸ್' ಅಂದಳು ಎಂದುಕೊಳ್ಳಿ. ಎದುರಿನವನು ಮೊದಲು ಅವಳ ಮಾತನ್ನೇ ತಿರುಗಿ ಹೇಳಬೇಕು: 'ಯೂ ಸೇ ದಟ್ ಫೋನ್ಸ್ ಹೆಲ್ಪ್ ಅಸ್ ಫೈಂಡ್ ಮೀನಿಂಗ್ಸ್. ಬಟ್ ವೀ ಸ್ಟಾಪ್ ಲಿಸನಿಂಗ್, ಬಿಕಾಸ್ ಮೆಸೇಜಸ್ ಕಮ್.' ಅರ್ಧ ವಾಕ್ಯ ಎದುರಿನವರಿಂದಲೇ ಸಿಕ್ಕಿಬಿಡುತ್ತದೆ. ಬಾಯಿ ಬಿಡದ ಮಕ್ಕಳೂ ಇಲ್ಲಿ ಮಾತಾಡುವುದನ್ನು ನೋಡಿದ್ದೇನೆ. ಅದು ಕೊಡುವ ಖುಷಿಯೇ ಬೇರೆ.

ನಡುವೆ ತಪ್ಪು ತಿದ್ದಬೇಡಿ, ದಯವಿಟ್ಟು. ಓಡಾಡುತ್ತಾ ಕೇಳಿಸಿಕೊಳ್ಳಿ, ಬರೆದಿಟ್ಟುಕೊಳ್ಳಿ. 'ಐ ಆಮ್ ಅಗ್ರೀ' ಅನ್ನುವುದು ಬಂದೇ ಬರುತ್ತದೆ. ಕೊನೆಯಲ್ಲಿ ಅಂಥ ಎರಡು ಮೂರನ್ನು ಹೆಸರು ಹೇಳದೆ ಬೋರ್ಡಿಗೆ ಹಾಕಿ, ಕ್ಲಾಸೇ ಸರಿಪಡಿಸಲಿ.

ಇದು ರೂಢಿಯಾದ ಮೇಲೆ ಮೂವರ ತಂಡ ಮಾಡಬಹುದು. ಆಗಾಗ ಪರ ಇದ್ದವರನ್ನು ವಿರೋಧಕ್ಕೆ ಹಾಕಿ. ಮಾರ್ಕ್ಸ್ ಕೊಡಲೇಬೇಕಿದ್ದರೆ ಎದುರಿನವರ ಮಾತಿಗೆ ನೇರವಾಗಿ ಉತ್ತರಿಸಿದವರಿಗೆ ಜಾಸ್ತಿ ಕೊಡಿ.