ಓದುಗರ ಪ್ರಶ್ನೆ: ಬೆಟ್ಟ ಹತ್ತಲಾಗದವರಿಗೆ ಬೆಳಗೊಳದಲ್ಲಿ ಏನಿದೆ?

ಪ್ರಶ್ನೆ: ಶ್ರವಣಬೆಳಗೊಳಕ್ಕೆ ಹೋಗಬೇಕೆಂಬುದು ಎಪ್ಪತ್ತೆರಡು ವರ್ಷದ ನನ್ನ ತಾಯಿಯವರ ಬಹುದಿನದ ಆಸೆ. ಮಂಡಿನೋವಿನಿಂದಾಗಿ ಅವರು ಮೆಟ್ಟಿಲು ಹತ್ತಲಾರರು. ಇನ್ನೊಬ್ಬರ ಹೆಗಲ ಮೇಲೆ ದರ್ಶನಕ್ಕೆ ಹೋಗಬಾರದೆಂದು ಡೋಲಿಯನ್ನೂ ಬೇಡವೆನ್ನುತ್ತಾರೆ. ಬೆಟ್ಟ ಹತ್ತದೆ ಮರಳಿದರೆ ಯಾತ್ರೆ ಅರ್ಧಕ್ಕೇ ನಿಂತಂತಾಗುವುದಿಲ್ಲವೇ?
— ಓದುಗರೊಬ್ಬರು, ಅರಸೀಕೆರೆ

ಉತ್ತರ: ಖಂಡಿತ ಇಲ್ಲ. ದೊಡ್ಡಬೆಟ್ಟಕ್ಕೆ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ನಿಮ್ಮ ತಾಯಿಯವರು ಅವುಗಳ ಚಿಂತೆಯನ್ನೇ ಬಿಡಲಿ. 58 ಅಡಿಯ ಗೊಮ್ಮಟನ ಶಿರಸ್ಸು ಊರಿಗೆ ಬರುವ ದಾರಿಯಲ್ಲೇ ಬೆಟ್ಟದ ನೆತ್ತಿಯ ಮೇಲೆ ಕಾಣಿಸುತ್ತದೆ. ವಾಹನ ನಿಲ್ಲಿಸಿ ಅಲ್ಲಿಂದಲೇ ಕೈಮುಗಿಯಲಿ.

ಊರೊಳಗೆ ಮೊದಲು ಭಂಡಾರಿ ಬಸದಿಗೆ ಕರೆದುಕೊಂಡು ಹೋಗಿ. ಹೊಯ್ಸಳ ಒಂದನೆಯ ನರಸಿಂಹನ ಭಂಡಾರಿಯಾಗಿದ್ದ ಹುಳ್ಳನು 1159ರಲ್ಲಿ ಇದನ್ನು ಕಟ್ಟಿಸಿದನು. ಗರ್ಭಗೃಹದಲ್ಲಿ ಇಪ್ಪತ್ತನಾಲ್ಕು ತೀರ್ಥಂಕರರೂ ಒಂದೇ ಸಾಲಿನಲ್ಲಿ ನಿಂತಿದ್ದಾರೆ. ಆರತಿಯ ಬೆಳಕು ಒಂದು ಮೂರ್ತಿಯಿಂದ ಮತ್ತೊಂದಕ್ಕೆ ಸರಿಯುತ್ತಾ ಹೋಗುವಾಗ ಅವಸರಪಡದೆ ಕುಳಿತು ನೋಡಬೇಕು. ಅಕ್ಕನ ಬಸದಿಯೂ ಊರೊಳಗೇ ಇದೆ. ಇಮ್ಮಡಿ ವೀರಬಲ್ಲಾಳನ ಮಂತ್ರಿ ಚಂದ್ರಮೌಳಿಯು ಶೈವ, ಅವನ ಹೆಂಡತಿ ಆಚಿಯಕ್ಕ ಜೈನಳು. 1181ರಲ್ಲಿ ಅವಳು ಈ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದಾಗ, ಅದರ ನಿತ್ಯಪೂಜೆಗೆಂದು ರಾಜನು ಒಂದು ಹಳ್ಳಿಯನ್ನೇ ದತ್ತಿ ಬಿಟ್ಟನು. ಒಂದೇ ಮನೆಯೊಳಗೆ ಎರಡು ಧರ್ಮಗಳು ಹೊಂದಿಕೊಂಡು ಬಾಳಿದ ಈ ಕಥೆಯನ್ನು ತಾಯಿಯವರಿಗೆ ಅಲ್ಲಿಯೇ ಹೇಳಿ.

ಆದರೆ ನನ್ನ ಮನಸ್ಸಿನಲ್ಲಿರುವುದು ಇನ್ನೊಂದು ಸ್ಥಳ: ಚಿಕ್ಕಬೆಟ್ಟದ ಉತ್ತರಕ್ಕಿರುವ ಜಿನನಾಥಪುರ. ವಿಷ್ಣುವರ್ಧನನ ದಂಡನಾಯಕ ಗಂಗರಾಜನು ನೆಲೆಗೊಳಿಸಿದ ಈ ಹಳ್ಳಿಗೆ ಬೆಳಗೊಳದಿಂದ ಆಟೋದಲ್ಲಿ ಕೆಲವೇ ನಿಮಿಷಗಳ ದಾರಿ. ಆದರೂ ಬೆಟ್ಟ ಇಳಿದು ದಣಿದವರಲ್ಲಿ ಹೆಚ್ಚಿನವರು ನೇರವಾಗಿ ಬಸ್ಸು ಹತ್ತಿಬಿಡುತ್ತಾರೆ, ಇದು ನನಗೆ ಬಹಳ ನೋವಿನ ಸಂಗತಿ. ಇಲ್ಲಿನ ಶಾಂತಿನಾಥ ಬಸದಿಯನ್ನು ಸುಮಾರು 1200ರಲ್ಲಿ ದಂಡನಾಯಕ ರೇಚಿಮಯ್ಯ ಕಟ್ಟಿಸಿದನು. ಹೊಯ್ಸಳರ ಕಾಲದ ಬಸದಿಗಳು ಸಾಮಾನ್ಯವಾಗಿ ಹೊರಗೆ ಸರಳವಾಗಿರುತ್ತವೆ. ಹಳೇಬೀಡಿನ ಬಸ್ತಿಹಳ್ಳಿಯಲ್ಲಿ ಕನ್ನಡಿಯಂತೆ ಹೊಳೆಯುವ ಕಂಬಗಳಿರುವುದು ಒಳಗೆ. ಜಿನನಾಥಪುರದಲ್ಲಿ ಮಾತ್ರ ಹೊರಗೋಡೆಯ ಮೇಲೆಯೇ ಜಿನರು, ಯಕ್ಷಿಯರು, ಸರಸ್ವತಿ, ನರ್ತಕಿಯರು, ಮದ್ದಳೆ ಬಾರಿಸುವವರು ಸಾಲಾಗಿ ನಿಂತಿದ್ದಾರೆ, ಅದೂ ನೆಲದ ಮೇಲೆ ನಿಂತು ಹತ್ತಿರದಿಂದ ನೋಡುವಷ್ಟು ಎತ್ತರದಲ್ಲಿ. ಇಳಿಹೊತ್ತಿನ ಓರೆ ಬಿಸಿಲು ಬಳಪದ ಕಲ್ಲಿನ ಮೇಲೆ ಬಿದ್ದಾಗ, ನರ್ತಕಿಯ ಕೊರಳ ಹಾರದ ಒಂದೊಂದು ಮಣಿಯೂ ತನ್ನದೇ ನೆರಳನ್ನು ಚೆಲ್ಲಿಕೊಂಡು ಬೇರೆಬೇರೆಯಾಗಿ ನಿಲ್ಲುತ್ತದೆ. ಕುಸುರಿಯ ಮೇಲೆ ಕೈಯಾಡಿಸುವ ಆಸೆಯಾಗುವುದು ಸಹಜ, ದಯವಿಟ್ಟು ಮುಟ್ಟಬೇಡಿ. ಒಂದು ಸುತ್ತು ಬಂದ ಮೇಲೆ ತಾಯಿಯವರಿಗೆ ಕೂರಲು ಮಡಚುವ ಕುರ್ಚಿಯೊಂದನ್ನು ಮನೆಯಿಂದಲೇ ಒಯ್ಯಿರಿ.

ಪ್ರಶ್ನೆ: ಶ್ರವಣಬೆಳಗೊಳದ ಜೈನ ಭೋಜನಾಲಯದಲ್ಲಿ ರಾತ್ರಿ ಊಟ ಸಿಗಲಿಲ್ಲ. ಈರುಳ್ಳಿ, ಆಲೂಗಡ್ಡೆಗಳನ್ನೂ ಬಳಸುವುದಿಲ್ಲವಂತೆ. ಕಾರಣವೇನು?
— ಓದುಗರೊಬ್ಬರು, ಕಡೂರು

ಉತ್ತರ: ಎರಡಕ್ಕೂ ಅಹಿಂಸೆಯೇ ಕಾರಣ. ಕತ್ತಲಾದ ಮೇಲೆ ಉಂಡರೆ ಕಣ್ಣಿಗೆ ಬೀಳದ ಸಣ್ಣ ಜೀವಗಳು ಅನ್ನದೊಡನೆ ಸಾಯುತ್ತವೆ ಎಂಬ ಎಚ್ಚರದಿಂದ ಜೈನರು ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುತ್ತಾರೆ. ನೆಲದೊಳಗೆ ಬೆಳೆಯುವ ಗೆಡ್ಡೆಗಳಲ್ಲಿ ಲೆಕ್ಕವಿಲ್ಲದಷ್ಟು ಜೀವಗಳು ನೆಲೆಸಿವೆ ಎಂಬುದು ಅವರ ನಂಬಿಕೆ. ಗೆಡ್ಡೆ ಕಿತ್ತರೆ ಗಿಡವೂ ಉಳಿಯುವುದಿಲ್ಲ. ಮುಂದಿನ ಸಲ ಹೊತ್ತು ಮುಳುಗುವುದಕ್ಕೆ ಒಂದು ಗಂಟೆ ಮೊದಲೇ ಊಟಕ್ಕೆ ಹೋಗಿ.