ಮಳಿಗೆ ಬಾಡಿಗೆದಾರರ ಸಂಘ: ಯಾರ ಪರ, ಎಷ್ಟರ ಮಟ್ಟಿಗೆ?

ಪ್ರಶ್ನೆ: ತಾಲ್ಲೂಕು ಕೇಂದ್ರವೊಂದರ ಪುರಸಭೆಯ ವಾಣಿಜ್ಯ ಸಂಕೀರ್ಣದಲ್ಲಿ ಹದಿನಾರು ವರ್ಷಗಳಿಂದ ಟೈಲರಿಂಗ್ ಅಂಗಡಿ ನಡೆಸುತ್ತಿದ್ದೇನೆ. ಕರಾರಿನ ಅವಧಿ ಮುಗಿದಿದೆ, ಮಳಿಗೆ ತೆರವು ಮಾಡಿ, ಬಹಿರಂಗ ಹರಾಜು ನಡೆಸುತ್ತೇವೆ ಎಂದು ನಮಗೆಲ್ಲ ನೋಟಿಸು ಬಂದಿದೆ. ನಮ್ಮ ಬಾಡಿಗೆದಾರರ ಸಂಘದ ಅಧ್ಯಕ್ಷರು, ‘ಎಲ್ಲರ ಪರವಾಗಿ ಮನವಿ ಕೊಟ್ಟಿದ್ದೇವೆ, ನೀವು ಸುಮ್ಮನಿರಿ’ ಎನ್ನುತ್ತಾರೆ. ಸುಮ್ಮನಿರಬಹುದೇ?
– ಓದುಗರೊಬ್ಬರು

ಉತ್ತರ: ಸುಮ್ಮನಿರಬೇಡಿ. ಕರಾರು ಆಗಿರುವುದು ನಿಮಗೂ ಪುರಸಭೆಗೂ ನಡುವೆ. ಅದರಲ್ಲಿ ಸಂಘದ ಸಹಿಯಿಲ್ಲ. ನೋಟಿಸಿನಲ್ಲಿ ನಿಮ್ಮ ಹೆಸರೂ ಮಳಿಗೆಯ ಸಂಖ್ಯೆಯೂ ಇದ್ದರೆ, ಅದರಲ್ಲಿ ಹೇಳಿದ ದಿನದೊಳಗೆ ನಿಮ್ಮದೇ ಸಹಿಯ ಉತ್ತರ ಕಚೇರಿಗೆ ಸೇರಬೇಕು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಬೀಳಬೇಕು. ಸಾರ್ವಜನಿಕ ಆವರಣಗಳ ಅನಧಿಕೃತ ಸ್ವಾಧೀನ ತೆರವಿಗೆಂದು ಇರುವ 1974ರ ಕರ್ನಾಟಕ ಕಾಯ್ದೆಯಡಿ ಕ್ರಮ ಆರಂಭವಾದರೆ ಕಾರಣ ಕೇಳುವುದು ಒಬ್ಬೊಬ್ಬರನ್ನೇ. ಆದೇಶವಾದ ಮೇಲೆ ಜಿಲ್ಲಾ ನ್ಯಾಯಾಧೀಶರ ಮುಂದೆ ಮೇಲ್ಮನವಿ ಸಲ್ಲಿಸಬೇಕಾದವರೂ ನೀವೇ. 1999ರ ಬಾಡಿಗೆ ಕಾಯ್ದೆ ಕಾಪಾಡುತ್ತದೆ ಎಂದು ಯಾರಾದರೂ ಧೈರ್ಯ ಹೇಳಿದರೆ ನಂಬಬೇಡಿ, ಸ್ಥಳೀಯ ಸಂಸ್ಥೆಗಳ ಕಟ್ಟಡಗಳಿಗೆ ಅದು ಅನ್ವಯಿಸುವುದಿಲ್ಲ.

ಹಾಗಾದರೆ ಸಂಘ ಏತಕ್ಕೆ? ಒಬ್ಬರು ಕೇಳಿದರೆ ದೂರು ಎನಿಸುವುದನ್ನು ಎಲ್ಲರ ವಿಷಯವಾಗಿ ಮಂಡಿಸುವುದಕ್ಕೆ. ಹರಾಜೇ ಬೇಡವೆಂಬ ಬೇಡಿಕೆ ಸಾಮಾನ್ಯವಾಗಿ ನಿಲ್ಲುವುದಿಲ್ಲ, ಏಕೆಂದರೆ ಅದು ಸಾರ್ವಜನಿಕರ ಆಸ್ತಿ, ಹೊರಗೆ ಕಾಯುತ್ತಿರುವ ವ್ಯಾಪಾರಿಗಳೂ ಇದ್ದಾರೆ. ಆದರೆ ಹರಾಜಿನ ಷರತ್ತುಗಳ ಬಗ್ಗೆ ಸಂಘ ಗಟ್ಟಿಯಾಗಿ ಮಾತನಾಡಬಹುದು: ಬಸ್ ನಿಲ್ದಾಣಕ್ಕೆ ಮುಖಮಾಡಿದ ಮಳಿಗೆಗೂ ಮೆಟ್ಟಿಲ ಕೆಳಗೆ ಮಳೆಗಾಲದಲ್ಲಿ ಬಟ್ಟೆಯ ಗಂಟಿನ ಮೇಲೆ ನೀರು ತೊಟ್ಟಿಕ್ಕುವ ಮಳಿಗೆಗೂ ಒಂದೇ ಕನಿಷ್ಠ ಬಾಡಿಗೆ ನಿಗದಿಯಾದದ್ದು ಹೇಗೆ, ಹಳೆಯ ಠೇವಣಿ ಯಾವಾಗ ಮರಳುತ್ತದೆ, ತೆರವಿಗೆ ಎಷ್ಟು ಕಾಲಾವಕಾಶ? ಇವುಗಳ ಕಡತವನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿದರೆ 30 ದಿನಗಳೊಳಗೆ ಉತ್ತರ ಬರಬೇಕು. ಆ ಹಕ್ಕು ನಾಗರಿಕರಿಗೆ ಸೇರಿದ್ದಾದ್ದರಿಂದ ಅರ್ಜಿಯನ್ನು ಸಂಘದ ಲೆಟರ್‌ಹೆಡ್‌ನಲ್ಲಿ ಹಾಕದೆ ಸದಸ್ಯರೊಬ್ಬರ ಹೆಸರಿನಲ್ಲಿ ಹಾಕುವುದು ಮೇಲು.

ಸಂಘಗಳು ಎಡವುವುದು ಪುರಸಭೆಯ ಎದುರಿಗಿಂತ ತಮ್ಮೊಳಗೇ ಹೆಚ್ಚು. ಪ್ರತಿ ತಿಂಗಳೂ ಬಾಡಿಗೆ ಕಟ್ಟಿ ರಸೀದಿ ಇಟ್ಟುಕೊಂಡ ನಿಮ್ಮ ಹಿತವೂ, ವರ್ಷಗಟ್ಟಲೆ ಬಾಕಿ ಉಳಿಸಿಕೊಂಡವರ ಅಥವಾ ಮಳಿಗೆಯನ್ನು ಒಳಬಾಡಿಗೆಗೆ ಕೊಟ್ಟು ಮನೆಯಲ್ಲಿ ಕುಳಿತವರ ಹಿತವೂ ಒಂದೇ ಅಲ್ಲ. (ಅಂಥವರೇ ಸಭೆಯಲ್ಲಿ ದೊಡ್ಡ ಗಂಟಲಿನಲ್ಲಿ ಮಾತನಾಡುವುದನ್ನು ನೀವೂ ಕಂಡಿರಬಹುದು.) ಎಲ್ಲರನ್ನೂ ಒಂದೇ ಮನವಿಯಲ್ಲಿ ಸೇರಿಸಿದರೆ ಅಧಿಕಾರಿಗಳು ಬಾಕಿಯ ಪಟ್ಟಿಯನ್ನೇ ಮುಂದಿಟ್ಟು ಮಾತು ಮುಗಿಸುತ್ತಾರೆ. ಆದ್ದರಿಂದ ಮಳಿಗೆವಾರು ಅಳತೆ, ಕರಾರಿನ ದಿನಾಂಕ, ಠೇವಣಿ, ಬಾಕಿ ಇವಿಷ್ಟನ್ನೂ ಬರೆದ ಪಟ್ಟಿಯೊಂದನ್ನು ಸಂಘ ಮೊದಲು ಸಿದ್ಧಪಡಿಸಿ, ಯಾವುದನ್ನು ಕೇಳಬೇಕೆಂದು ಮಹಾಸಭೆಯಲ್ಲಿ ಠರಾವು ಮಾಡಿ ನಡಾವಳಿ ಪುಸ್ತಕದಲ್ಲಿ ದಾಖಲಿಸಬೇಕು.

ನ್ಯಾಯಾಲಯಕ್ಕೆ ಹೋಗುವುದಾದರೆ, ಒಂದೇ ಹಿತವುಳ್ಳ ಹಲವರ ಪರವಾಗಿ ಕೆಲವರು ನ್ಯಾಯಾಲಯದ ಅನುಮತಿ ಪಡೆದು ದಾವೆ ಹೂಡಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 1ನೇ ಆದೇಶದ 8ನೇ ನಿಯಮದಲ್ಲಿ ಅವಕಾಶವಿದೆ. ಆದರೆ ಆಗ ಉಳಿದವರಿಗೆಲ್ಲ ತಿಳಿವಳಿಕೆ ಕೊಡಲೇಬೇಕು. ಬಂದ ತೀರ್ಪು ಅವರಿಗೂ ಅನ್ವಯಿಸುತ್ತದೆ.

ಸದ್ಯಕ್ಕೆ ಅಧ್ಯಕ್ಷರಲ್ಲಿ ಮನವಿಯ ಪ್ರತಿ ಕೇಳಿ, ಅದಕ್ಕೆ ಲಗತ್ತಿಸಿದ ಪಟ್ಟಿಯಲ್ಲಿ ನಿಮ್ಮ ಮಳಿಗೆಯ ಸಂಖ್ಯೆಯಿದೆಯೇ, ಟಪಾಲಿನಲ್ಲಿ ಸ್ವೀಕರಿಸಿದ ಮುದ್ರೆಯಿದೆಯೇ ನೋಡಿ. ಅದು ಇದ್ದರೂ, ನೋಟಿಸಿನ ಗಡುವು ಮುಗಿಯುವ ಮೊದಲು ಕರಾರು, ರಸೀದಿಗಳೊಂದಿಗೆ ವಕೀಲರೊಬ್ಬರನ್ನು ಕಂಡು ನಿಮ್ಮ ಉತ್ತರವನ್ನು ಬೇರೆಯಾಗಿಯೇ ಸಲ್ಲಿಸಿ.