ಕಥೆಯ ತಂತ್ರಗಳನ್ನು ಕಲಿತ ಮೇಲೆಯೇ ಬರೆಯಲು ಕೂರಬೇಕೇ?

ಸಿಂಧನೂರಿನಲ್ಲಿದ್ದುಕೊಂಡು ಕಥೆ ಕಲಿಯುವುದು ಹೇಗೆ, ರಜೆ ಹಾಕಿ ಬೆಂಗಳೂರಿನ ಕಮ್ಮಟಕ್ಕೆ ಹೋಗಲೇ ಎಂದು ಕೇಳಿದ್ದೀರಿ. ನಾನು ಮಾನ್ವಿಯವನು. ಹೋಗಿ ಬಂದವನು. ಮೂರು ದಿನ ನೋಟ್‌ಬುಕ್ ತುಂಬಿಸಿಕೊಂಡು ಬಂದು, ಒಂದು ಪತ್ರಿಕೆಯ ದೀಪಾವಳಿ ಸ್ಪರ್ಧೆಗೆ ಕಥೆ ಕಳುಹಿಸಿದೆ.

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತ; ನೀರು ತಲುಪಿದರೆ ತಲುಪಿತು. ಬಂದಷ್ಟು ಭತ್ತವನ್ನು ಟ್ರ್ಯಾಕ್ಟರಿಗೆ ಹೇರಿ, ಹತ್ತು ವರ್ಷದ ಮಗನೊಂದಿಗೆ ಗಂಗಾವತಿಯ ರೈಸ್ ಮಿಲ್ಲಿಗೆ ಬರುತ್ತಾನೆ. ಎಲ್ಲವನ್ನೂ ಹುಡುಗನ ಕಣ್ಣಿನಿಂದಲೇ ಹೇಳುತ್ತಿದ್ದೆ: ಹಮಾಲರ ಕೊಕ್ಕೆ, ಹೊಟ್ಟಿನ ಧೂಳು, ಕಾಟಾ ಏರುವ 75 ಕೆಜಿ ಚೀಲ, ಮತ್ತೆ ಮತ್ತೆ ಕುತ್ತಿಗೆ ಒರೆಸಿಕೊಳ್ಳುವ ಅಪ್ಪ. ಮೂರನೇ ಪುಟದಲ್ಲಿ ಕೆಟ್ಟೆ. ‘ತೇವಾಂಶದ ನೆಪದಲ್ಲಿ ಚೀಲಕ್ಕೆ ಎರಡು ಕಿಲೋ ಮುರಿದುಕೊಂಡರೆ ಇವನಿಗೆಲ್ಲಿ ತಿಳಿಯುತ್ತದೆ ಎಂದು ದಲ್ಲಾಳಿ ಮನಸ್ಸಿನಲ್ಲೇ ನಕ್ಕ.’

ದಲ್ಲಾಳಿಯ ಮನಸ್ಸು ಹುಡುಗನಿಗೆ ಹೇಗೆ ಕಂಡಿತು? ಆದರೆ ದೃಷ್ಟಿಕೋನ ತಪ್ಪಿದ್ದಷ್ಟೇ ಆಗಿದ್ದರೆ ಬಿಡಬಹುದಿತ್ತು; ಒಬ್ಬರ ಮನಸ್ಸಿನಿಂದ ಇನ್ನೊಬ್ಬರ ಮನಸ್ಸಿಗೆ ದಾಟುವ ಒಳ್ಳೆಯ ಕಥೆಗಳೂ ಇವೆ. ನನ್ನ ಹುಡುಗ ಟ್ರ್ಯಾಕ್ಟರಿನಲ್ಲಿ ನಲವತ್ತು ಚೀಲ ಎಣಿಸಿದ್ದ. ಮಿಲ್ಲಿನ ತೂಕದ ಚೀಟಿಯ ಲೆಕ್ಕದಲ್ಲಿ ಮೂವತ್ತೊಂಬತ್ತೂ ತುಂಬಿರಲಿಲ್ಲ. ಒಂದು ಚೀಲ ಎಲ್ಲಿ ಹೋಯಿತೆಂದು ಅವನು ದಾರಿಯುದ್ದಕ್ಕೂ ಬೆರಳು ಮಡಚುವುದೇ ಕಥೆ. ಓದುಗನೂ ಜೊತೆಯಲ್ಲಿ ಬೆರಳು ಮಡಚಬೇಕಿತ್ತು. ಕಳ್ಳನನ್ನು ನಾನು ಮೊದಲೇ ಹಿಡಿದುಕೊಟ್ಟಿದ್ದೆ. ಉಳಿದ ಎರಡು ಪುಟ ಬರೀ ಟ್ರ್ಯಾಕ್ಟರಿನ ಸದ್ದು.

ಮಜಾ ಎಂದರೆ, ‘ದೃಷ್ಟಿಕೋನ ಸಡಿಲಬಾರದು’ ಎಂಬುದು ನನ್ನ ನೋಟ್‌ಬುಕ್ಕಿನಲ್ಲಿತ್ತು, ಕೆಳಗೆ ಎರಡು ಗೆರೆ ಎಳೆದಿದ್ದೆ. ಆದ್ದರಿಂದ ಮೊದಲು ಕಲಿತು ಆಮೇಲೆ ಬರೆಯುತ್ತೇನೆ ಎನ್ನುವ ನಿಮ್ಮ ಲೆಕ್ಕವೇ ನನಗೆ ಒಪ್ಪಿಗೆಯಿಲ್ಲ. ಒಂದು ಕಥೆಯನ್ನು ಕೆಡಿಸುವವರೆಗೆ ತಂತ್ರ ಎಂಬುದು ಬರೀ ಪದ.

ಬಹುಮಾನ ಬರಲಿಲ್ಲ ಎಂದು ಬೇರೆ ಹೇಳಬೇಕೇ? ಎಷ್ಟೋ ತಿಂಗಳ ನಂತರ, ರೊಟ್ಟಿ ತಟ್ಟುತ್ತಿದ್ದ ಅವ್ವನಿಗೆ ಅದನ್ನು ಓದಿದೆ. ಆ ವಾಕ್ಯ ಬಂದದ್ದೇ ತಡ, ‘ಕದ್ದವನು ಸಿಕ್ಕನಲ್ಲ, ಇನ್ನೇನು ಓದುತ್ತೀ?’ ಎಂದು ಹಂಚಿನ ಕಡೆ ತಿರುಗಿದಳು. ನೀವೂ ಇಂಥವರ ಮುಂದೆ ಗಟ್ಟಿಯಾಗಿ ಓದಿ. ಸಾಹಿತ್ಯದ ಗೆಳೆಯರಿಗೆ ಬೇಡ, ಅವರು ‘ಚೆನ್ನಾಗಿದೆ’ ಎನ್ನುತ್ತಾರೆ.

ಆ ವಾಕ್ಯ ಕಿತ್ತು ಮುಂದಿನದನ್ನು ಹೊಸದಾಗಿ ಬರೆದೆ. ಈ ಸಲ ಅವ್ವ ಕೊನೆಯವರೆಗೂ ಕೇಳಿ, ‘ದಲ್ಲಾಳಿಯೇ ಇರಬೇಕು, ಹೌದೋ ಅಲ್ಲವೋ?’ ಎಂದಳು. ನಾನು ಹೇಳಲಿಲ್ಲ.